ಹೆಬ್ಬೆರಳಿನ ಜಾಗ

ಯಾತ್ಸುಶಿರೊದಿಂದ ಬಸ್ಸು ಹಿಡಿದು ಬಂದ ಇಸೊನೊ ಅಜ್ಜಿ
ಚೌಕದ ಗಂಟು ಬಿಚ್ಚಿ
ನನ್ನ ಮೇಜಿನ ಮೇಲಿಟ್ಟದ್ದು ಒಂದು ಹಿಡಿ ತುಕ್ಕು.
"ಉಪ್ಪಿನಕಾಯಿ ಭರಣಿಯ ಬಟ್ಟೆ ಹಾರದಿರಲೆಂದು
ನಮ್ಮತ್ತೆ ಇಟ್ಟಿದ್ದರು, ಅವರ ಅತ್ತೆಯೂ.
ಮೊಮ್ಮಗ ನೋಡಿ ಹೇಳಿದ, ಇದು ತ್ಸುಬಾ ಅಂತೆ,
ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂರುವ ಬಿಲ್ಲೆ.
ಇಷ್ಟು ವರ್ಷ ಸಾಸಿವೆ ಸೊಪ್ಪು ಕಾದಿದೆ, ಪಾಪ."

ಉಪ್ಪು ತಿಂದವರು ನೀರು ಕುಡಿಯಲೇಬೇಕು, ನಿಜ.
ಕಬ್ಬಿಣಕ್ಕೆ ಮಾತ್ರ ಆ ಗಾದೆ ಹೇಳಬಾರದು.
ನೀರಿಲ್ಲ, ಹುಳಿಯಿಲ್ಲ, ತಂತಿಯ ಬ್ರಷ್ಷಿಲ್ಲ.
ಜಿಂಕೆಕೊಂಬಿನ ಒಂದು ಚೂರು,
ತೊಳೆದು ತೊಳೆದು ಮೆತ್ತಗಾದ ಹತ್ತಿಬಟ್ಟೆ,
ಕಿಟಕಿಯ ಬೆಳಕು, ಅಷ್ಟೆ.
ತುಕ್ಕಿನಲ್ಲಿ ಎರಡು ಬಗೆ, ಅನ್ನುತ್ತಿದ್ದರು ತೊಕುನಾಗ ಗುರುಗಳು:
ಕೆಂಪು ತಿನ್ನುತ್ತದೆ, ಕಪ್ಪು ಕಾಯುತ್ತದೆ.
ಎರಡರ ನಡುವೆ ಈರುಳ್ಳಿಯ ಒಳಪೊರೆಯಷ್ಟು ಜಾಗ.
ಅಲ್ಲಿ ಕೈ ನಿಲ್ಲದಿದ್ದರೆ
ನೀನು ಪಾತ್ರೆ ತಿಕ್ಕಲು ಹೋಗು.

ಹತ್ತೊಂಬತ್ತನೆಯ ದಿನ ಒಂದು ರೆಕ್ಕೆ ಸಿಕ್ಕಿತು.
ಸಿಕ್ಕಿತು ಎಂದರೆ, ಅಲ್ಲಿ ಏನೂ ಇರಲಿಲ್ಲ:
ಕಬ್ಬಿಣ ತೆಗೆದುಬಿಟ್ಟ ಕಡೆ ಗಾಳಿ, ಗಾಳಿಯ ಆಕಾರ ರೆಕ್ಕೆ.
ಮತ್ತೆ ಮೂರು ರೆಕ್ಕೆ, ಉದ್ದನೆಯ ಬಾಲ,
ಬಿಲ್ಲೆಯ ಅರ್ಧ ತುಂಬಿದ ಏರೋಪ್ಲೇನ್ ಚಿಟ್ಟೆ.
ಹಿಂದಕ್ಕೆ ಹಾರದ ಹುಳ ಎಂದು
ಕತ್ತಿ ಕಟ್ಟುವವರಿಗೆ ಅದರ ಮೇಲೆ ಪ್ರೀತಿ.
ರೆಕ್ಕೆಯ ನರಗಳು ಕೂದಲೆಳೆಗಿಂತ ಒಂಚೂರು ದಪ್ಪ.
ಒಂದೇ ಒಂದು ಕಡೆ ಅರದ ಏಟು ಜಾರಿದೆ.
ಅವನು ಅದನ್ನು ಮುಚ್ಚಲಿಲ್ಲ, ಇನ್ನೊಂದು ನರವಾಗಿಸಿದ.
ಹೆಸರು ಕೆತ್ತದವನು. ನಾನು ಅಲ್ಲಿ
ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದೆ.

ನಡುವಿನ ತೂತಿನೊಳಗೆ ತಾಮ್ರದ ಬೆಣೆಗಳು,
ಮೇಲೊಂದು, ಕೆಳಗೆರಡು, ಬೇರೆ ಬೇರೆ ಬಣ್ಣದವು.
ಮೂರು ಅಲಗು ಕಂಡ ಬಿಲ್ಲೆ. ಅಲಗು ಮುರಿದವೋ,
ಮಾರಿಹೋದವೋ, ಮಗನಿಗೆ ಉದ್ದ ಸಾಲದಾಯಿತೋ.
ಹೊಸ ಕತ್ತಿ ಬಂದಾಗಲೆಲ್ಲ
ಯಾರೋ ಸಣ್ಣ ಸುತ್ತಿಗೆಯಲ್ಲಿ ತಾಮ್ರ ತಟ್ಟಿ
"ಸ್ವಲ್ಪ ಸರಿದುಕೋ" ಅಂದಿದ್ದಾರೆ.
ಅಂಚಿನಲ್ಲಿ ಬೆರಳಾಡಿಸಿದರೆ ಗಂಟುಗಂಟು:
ಕಾಸಿ ಬಡಿವಾಗ ಕೂಡದೆ ಉಳಿದ ಗಡಸು ಕಾಳುಗಳು.
ನಮ್ಮಲ್ಲಿ ಅದಕ್ಕೆ ಕಬ್ಬಿಣದ ಎಲುಬು ಎನ್ನುತ್ತಾರೆ.
ಕಣ್ಣಿಗಿಂತ ಮೊದಲು ಉಗುರಿಗೆ ಗೊತ್ತಾಗುತ್ತದೆ.

ಹಿಂಬದಿ ತಿರುಗಿಸಿದೆ.
ಕತ್ತಿ ಒರೆಯಲ್ಲಿರುವಷ್ಟು ಹೊತ್ತು
ಒರೆಯ ಬಾಯಿಗೆ ಮುಖ ಕೊಟ್ಟಿರುವ ಬದಿ ಇದು.
ಹಿರಿದಾಗ ಎದುರು ನಿಂತವನು ನೋಡುವ ಬದಿ.
ಅಲ್ಲಿ, ಅಂಚಿನ ಹತ್ತಿರ, ಜೋಳದ ಕಾಳಿನಷ್ಟು
ಒಂದು ಬಸವನಹುಳ.
ಅದರ ಹಿಂದೆ ಬೆಳ್ಳಿಯ ಎಳೆ, ಮುಕ್ಕಾಲು ಉದುರಿದ ಜಾಡು.
ನಾನು ಒಬ್ಬಳೇ ಜೋರಾಗಿ ನಕ್ಕೆ.
ಸಾಯಲಿರುವವನಿಗೆ ಇದನ್ನು ತೋರಿಸುತ್ತಾರೆಯೇ, ಮಾರಾಯ?
ಆಮೇಲೆ ನಗು ಎಲ್ಲಿಗೋ ಹೋಯಿತು.
ಅವಸರ ಬೇಡ ಎಂದನೋ,
ಯಾರಿಗೆಂದನೋ.

ಇಸೊನೊ ಅಜ್ಜಿ ಮತ್ತೆ ಬಂದಾಗ ಕೇಳಿದ್ದು ಒಂದೇ ಮಾತು:
"ಇದು ಕೊಂದಿದೆಯೇ?"
ಅಲಗಿಗೆ ಗೊತ್ತು, ಅಲಗು ಈಗಿಲ್ಲ.
ಅಂಚಿನಲ್ಲಿ ಏಟಿನ ಗುರುತು ಹುಡುಕಿದ್ದೇನೆ, ಸಿಗಲಿಲ್ಲ.
ಅವರ ಎಡಗೈ ಹಿಡಿದು
ಹೆಬ್ಬೆರಳನ್ನು ಮುಂಬದಿಯ ಒಂದೆಡೆ ಇಟ್ಟೆ.
ಅಲ್ಲಿ ಕಬ್ಬಿಣ ತಗ್ಗಿದೆ,
ದೇವಸ್ಥಾನದ ಮೆಟ್ಟಿಲು ತಗ್ಗುವ ಹಾಗೆ.
ಕತ್ತಿ ಹಿರಿಯುವವನ ಬೆರಳು ಹಿಂದಿನಿಂದ ನೂಕುತ್ತದೆ.
ಇದು ಮುಂದಿನಿಂದ ಒತ್ತಿದ್ದು.
ಸಂತೆಯ ನೂಕುನುಗ್ಗಲಲ್ಲಿ, ದೋಣಿ ಹತ್ತುವಾಗ,
ಯಾರೋ ಕುಡಿದು ಬೈದ ರಾತ್ರಿ,
ಹೊರಗೆ ಬಾರದಿರು, ಹೊರಗೆ ಬಾರದಿರು ಎಂದು
ಅಪ್ಪನ ಬೆರಳು, ಮಗನ ಬೆರಳು, ಅವನ ಮಗನದು.

ಅಜ್ಜಿ ಬಹಳ ಹೊತ್ತು ಬೆರಳು ತೆಗೆಯಲಿಲ್ಲ.
ಆಮೇಲೆ ಚೌಕದ ಗಂಟು ಹಾಕುತ್ತಾ,
"ಅದು ಸರಿ, ಇನ್ನು ಭರಣಿಯ ಮೇಲೆ ಏನಿಡಲಿ?"
ಕಿಟಕಿಯಲ್ಲಿ ಕುಮಾ ಹೊಳೆಯ ಒಂದು ಗುಂಡುಕಲ್ಲಿತ್ತು,
ಕಾಗದ ಹಾರದಿರಲೆಂದು ನಾನಿಟ್ಟದ್ದು.
ಕೊಟ್ಟೆ.
ಕಾಗದಗಳು ನೆಲದ ತುಂಬ ಹರಡಿದವು.